ಮೆಥೋಟ್ರೆಕ್ಸೇಟ್: ಮಾತ್ರೆ ಮೇಲೆ ದೂರಿಲ್ಲ, ಸ್ಟ್ರಿಪ್ ಮೇಲಿದೆ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಔಷಧಿಗೆ ಸೇರಿದ್ದಲ್ಲ, ಅದು ಬರುವ ಸ್ಟ್ರಿಪ್‌ಗೆ ಸೇರಿದ್ದು. ಆ ಸಿಟ್ಟನ್ನು ಹೊರಗೆ ಹಾಕಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕೀಲುಗಳ ಕಾಯಿಲೆಯಾದ ರುಮಟಾಯ್ಡ್ ಆರ್ಥ್ರೈಟಿಸ್ ಅಂದರೇನು, ಯಾಕೆ ಬರುತ್ತದೆ ಎಂಬುದೆಲ್ಲ ಇಲ್ಲಿ ಬೇಡ. ಇಷ್ಟು ದೂರ ಬಂದಿದ್ದೀರಿ ಅಂದರೆ ನಿಮಗೋ ಮನೆಯಲ್ಲಿ ಇನ್ಯಾರಿಗೋ ಅದು ಇದೆ. ಡಾಕ್ಟರು ಚೀಟಿಯಲ್ಲಿ ಮೆಥೋಟ್ರೆಕ್ಸೇಟ್ ಅಂತ ಬರೆದಿದ್ದಾರೆ. ಹೆಸರು ಹುಡುಕಿ ನೋಡಿದರೆ 'ಕ್ಯಾನ್ಸರ್ ಔಷಧಿ' ಅಂತ ಕಂಡು ಎದೆ ಧಸಕ್ಕೆಂದಿದೆ. ನನಗೂ ಹಾಗೇ ಆಗಿತ್ತು.

ಅದು ಸುಳ್ಳೇನಲ್ಲ. ಕ್ಯಾನ್ಸರ್‌ಗೆ ಇದನ್ನು 1950ರ ಹೊತ್ತಿನಿಂದಲೂ ಕೊಡುತ್ತಿದ್ದಾರೆ. ಆದರೆ ಅಲ್ಲಿ ಕೆಲವು ಸಲ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ನಮಗೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಅಷ್ಟೇ. ಅಷ್ಟು ಕಡಿಮೆ ಪ್ರಮಾಣದಲ್ಲಿ ಇದು ಮಾಡುವ ಕೆಲಸವೇ ಬೇರೆ. ನಮ್ಮ ಕೀಲುಗಳ ಮೇಲೆ ನಮ್ಮದೇ ರೋಗನಿರೋಧಕ ಶಕ್ತಿ ನಡೆಸುವ ದಾಳಿಯನ್ನು ತಣ್ಣಗೆ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆ ಇದನ್ನು ಒಪ್ಪಿದ್ದು 1988ರಲ್ಲಿ. ಇಷ್ಟು ವರ್ಷ ಇಷ್ಟು ಜನ ಬಳಸಿದ ಔಷಧಿ ಎಂಬುದೇ ನನಗೆ ಧೈರ್ಯ ಕೊಟ್ಟಿತು. ಹಳೆಯದಾದ್ದರಿಂದ ಅಗ್ಗ ಕೂಡ. ನನ್ನಂಥ ಲೆಕ್ಕ ಹಾಕುವವರಿಗೆ ಅದೇನು ಸಣ್ಣ ವಿಷಯವಲ್ಲ.

ಮೊದಲ ಎರಡು ತಿಂಗಳು ಬೇಸರದ ಕಾಲ. ಇದು ನೋವಿನ ಮಾತ್ರೆಯಲ್ಲ. ನುಂಗಿದ ರಾತ್ರಿಯೇ ಹಾಯೆನಿಸುವುದಿಲ್ಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಆ ನಡುವಿನ ದಿನ ದಾಟಿಸಲು ಡಾಕ್ಟರು ಕಡಿಮೆ ಪ್ರಮಾಣದ ಪ್ರೆಡ್ನಿಸೋಲೋನ್ ಕೊಟ್ಟರು. ಅದು ಸ್ಟೀರಾಯ್ಡ್. ಎರಡೇ ದಿನದಲ್ಲಿ ಕೈಕಾಲು ಸಲೀಸಾಗಿ ಆಡಿದವು. 'ಇದೇ ಸಾಕಲ್ಲ, ಇನ್ನೊಂದು ಯಾಕೆ?' ಅನ್ನಿಸಿದ್ದು ನಿಜ. ಸಾಲದು. ಸ್ಟೀರಾಯ್ಡ್ ಬಹಳ ಕಾಲ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಹಾಗಂತ ನಾವೇ ಥಟ್ಟನೆ ನಿಲ್ಲಿಸುವ ಹಾಗೂ ಇಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ನಮ್ಮ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡಿರುತ್ತದೆ. ಅದು ಮತ್ತೆ ಶುರುಮಾಡಲು ಸಮಯ ಬೇಕು. ಡಾಕ್ಟರು ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಒಂದು ದಿನ ಒದ್ದೆ ಬಟ್ಟೆ ಹಿಂಡಿ ಹರವಿದೆ. ಎಲ್ಲ ಮುಗಿದ ಮೇಲೆ ಹೊಳೆಯಿತು, ಮಣಿಕಟ್ಟು ಏನೂ ಅನ್ನಲಿಲ್ಲವಲ್ಲ ಅಂತ! ಮೆಥೋಟ್ರೆಕ್ಸೇಟ್ ಕೆಲಸ ಶುರುಮಾಡಿದ್ದು ನನಗೆ ತಿಳಿದದ್ದು ಹೀಗೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಹೆಣಗಾಡುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಗೆಣ್ಣುಗಳ ಬಾವು ಇಳಿಯಿತು. ಯಾವ ನೋವಿನ ಮಾತ್ರೆಯೂ ಇದನ್ನು ಮಾಡಿರಲಿಲ್ಲ. ನೋವಿನ ಮಾತ್ರೆ ನೋವನ್ನಷ್ಟೇ ಮುಚ್ಚುತ್ತದೆ, ಒಳಗೆ ಕೀಲು ಸವೆಯುವುದು ನಿಲ್ಲುವುದಿಲ್ಲ. ಇದು ಆ ಸವೆತವನ್ನೇ ನಿಧಾನ ಮಾಡುತ್ತದೆ.

ಇನ್ನು ನನ್ನ ಶನಿವಾರ ರಾತ್ರಿ. ಮಾತ್ರೆಯ ದಿನ ಅದು. ಮಾರನೇ ದಿನ ಮಂಕು ಹಿಡಿದರೂ ಮಲಗಿರಬಹುದು, ಅದಕ್ಕೇ ಆ ದಿನ. ಊಟ ಆದ ಮೇಲೆ ಡಬ್ಬಿ ತೆಗೆಯುತ್ತೇನೆ. ಬೇರೆ ಯಾವ ಔಷಧಿಯೂ ಇಲ್ಲದ, ಇದಕ್ಕೇ ಅಂತ ಇಟ್ಟ ಡಬ್ಬಿ. ಕನ್ನಡಕ ಹಾಕಿಕೊಂಡು ಸ್ಟ್ರಿಪ್ ಮೇಲಿನ 2.5 ಎಂಬುದನ್ನು ಓದುತ್ತೇನೆ. ಆಮೇಲೆ ಒಂದೊಂದಾಗಿ ಆರು ಮಾತ್ರೆ ಬಿಳಿ ತಟ್ಟೆಗೆ ಒತ್ತುತ್ತೇನೆ. ಬಾಯಿಬಿಟ್ಟು ಎಣಿಸುತ್ತೇನೆ. ಆರು ಎರಡೂವರೆ ಹದಿನೈದು. ನುಂಗಿ ಒಂದು ದೊಡ್ಡ ಲೋಟ ನೀರು. ಕ್ಯಾಲೆಂಡರಿನಲ್ಲಿ ಗುರುತು. ಡಬ್ಬಿ ವಾಪಸ್ ಕಪಾಟಿನ ಮೇಲಿನ ಖಾನೆಗೆ. ಮನೆಯವರಿಗೆ ಇದು ತಮಾಷೆ, 'ಆಯ್ತಾ ಪೂಜೆ?' ಅಂತಾರೆ. ಆಗಲಿ. ಈ ಐದು ನಿಮಿಷ ನನಗೆ ಇಷ್ಟ. ವಾರವಿಡೀ ಕಾಯಿಲೆಯ ಯೋಚನೆ ಮಾಡಬೇಕಿಲ್ಲ, ಆ ಹೊತ್ತಿಗೆ ಮಾಡಿದರೆ ಸಾಕು.

ಸೋಮವಾರ ಫೋಲಿಕ್ ಆಸಿಡ್. ಮೆಥೋಟ್ರೆಕ್ಸೇಟ್ ದೇಹದಲ್ಲಿ ಫೋಲೇಟ್ ಎಂಬ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಬಾಯಿಹುಣ್ಣು, ವಾಕರಿಕೆ, ಲಿವರ್ ಏರುಪೇರು ಬರಲು ಅದೂ ಒಂದು ಕಾರಣ. ಫೋಲಿಕ್ ಆಸಿಡ್ ಅದನ್ನು ತಕ್ಕಮಟ್ಟಿಗೆ ಸರಿದೂಗಿಸುತ್ತದೆ. ಮೆಥೋಟ್ರೆಕ್ಸೇಟ್ ದಿನವೊಂದು ಬಿಟ್ಟು ಬೇರೆ ದಿನ ತೆಗೆದುಕೊಳ್ಳಲು ನನ್ನ ಡಾಕ್ಟರು ಹೇಳಿದ್ದಾರೆ. ಇದನ್ನು ಬರೀ ವಿಟಮಿನ್ ಅಲ್ವಾ ಅಂತ ಬಿಡಬೇಡಿ.

ಈಗ ದೂರು.

ವಾರಕ್ಕೊಂದೇ ದಿನ ನುಂಗುವ ಮಾತ್ರೆಗಳು ಎಷ್ಟಿವೆ ಹೇಳಿ? ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ದಿನಾ ನುಂಗುವವೇ. ಕೈಗೂ ಕಣ್ಣಿಗೂ ಅದೇ ಅಭ್ಯಾಸ. ಇದನ್ನು ದಿನಾ ನುಂಗಿದರೆ ಮೂಳೆಯ ಒಳಗಿನ ಮಜ್ಜೆ ರಕ್ತಕಣ ಮಾಡುವುದನ್ನೇ ನಿಲ್ಲಿಸಿಬಿಡಬಹುದು. ಬಾಯಿ ತುಂಬ ಹುಣ್ಣು, ಸೋಂಕು, ರಕ್ತಸ್ರಾವ. ಹೀಗೆ ಸತ್ತವರೂ ಇದ್ದಾರೆ, ಒಂದು ದೇಶದಲ್ಲಲ್ಲ, ಹಲವು ಕಡೆ. ಇಂಥ ಮಾತ್ರೆ ನನ್ನ ಕೈಗೆ ಬರುವ ಸ್ಟ್ರಿಪ್‌ನಲ್ಲಿ 'ವಾರಕ್ಕೊಮ್ಮೆ ಮಾತ್ರ' ಎಂಬ ಮಾತು ಭೂತಗನ್ನಡಿ ಹಿಡಿದು ಹುಡುಕುವಷ್ಟು ಸಣ್ಣದಾಗಿದೆ. ಕಂಪನಿಯ ಲೋಗೋ ಮಾತ್ರ ಎದ್ದು ಕಾಣುತ್ತದೆ. ಅದೂ ಸಾಲದು ಅಂತ ಮಾತ್ರೆ ಸಣ್ಣದು, ಹಳದಿ. ನನ್ನ ಫೋಲಿಕ್ ಆಸಿಡ್ ಕೂಡ ಸಣ್ಣದು, ಹಳದಿ! ಎರಡನ್ನೂ ಒಂದೇ ಡಬ್ಬಿಗೆ ಸುರಿದಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಇದರ ಜೊತೆಗೆ 2.5 ಮತ್ತು 10 ಮಿಲಿಗ್ರಾಂ ಮಾತ್ರೆ ಎರಡೂ ಇವೆ. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ನಾಲ್ಕು ಪಟ್ಟು.

ಒಂದು ಸಲ ಔಷಧಿ ಅಂಗಡಿಯಿಂದ ತಂದ ಪೊಟ್ಟಣದ ಚೀಟಿಯಲ್ಲಿ 'ದಿನಕ್ಕೆ ಒಂದು ಸಲ, 6 ಮಾತ್ರೆ' ಅಂತ ಅಚ್ಚಾಗಿತ್ತು. ಡಾಕ್ಟರ ಚೀಟಿಯಲ್ಲಿ 'ಶನಿವಾರ ಮಾತ್ರ' ಅಂತ ಸ್ಪಷ್ಟವಾಗಿಯೇ ಇತ್ತು. ವಾಪಸ್ ಹೋಗಿ ತೋರಿಸಿದೆ.

"ಇದು ವಾರಕ್ಕೊಂದು ಸಲದ್ದು ಅಲ್ವಾ?"

"ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ. ನಿಮಗೆ ಹೇಗೂ ಗೊತ್ತಲ್ಲ."

ನನಗೆ ಗೊತ್ತು. ಅದೇ ದಿನ ಮೊದಲ ಸಲ ಈ ಮಾತ್ರೆ ಕೊಂಡು ಹೋದವರಿಗೆ? ಕಣ್ಣು ಮಂಜಾದ ಹಿರಿಯರಿಗೆ? ಮಾತ್ರೆ ಕೊಡುವುದು ಮಗಳ ಕೆಲಸ, ಅವಳು ಚೀಟಿ ನೋಡಿ ಕೊಡುತ್ತಾಳೆ, ಅಂಥ ಮನೆಯವರಿಗೆ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸರಿಪಡಿಸಲು ಆಗದ್ದೇನೂ ಅಲ್ಲ ಇದು. ಯುರೋಪಿನ ಔಷಧ ಸಂಸ್ಥೆ ಇಎಂಎ 2019ರಲ್ಲೇ ಇದಕ್ಕೆ ನಿಯಮ ತಂದಿತು. ಹೊರ ಮತ್ತು ಒಳ ಪೊಟ್ಟಣದ ಮೇಲೆ ಎದ್ದು ಕಾಣುವ ಎಚ್ಚರಿಕೆ, ಬಾಟಲಿ ಬದಲು ಸ್ಟ್ರಿಪ್, ವಾರದ ಯಾವ ದಿನ ಅಂತ ಬರೆದುಕೊಳ್ಳಲು ರೋಗಿಯ ಕಾರ್ಡ್. ಬ್ರಿಟನ್ನಿನಲ್ಲಿ ಒಂದೇ ಅಳತೆಯ ಮಾತ್ರೆ, ಸಾಮಾನ್ಯವಾಗಿ 2.5, ಬರೆಯಿರಿ ಅಂತ ಡಾಕ್ಟರುಗಳಿಗೆ ಸಲಹೆ ಇದೆ. ಕಾಗದ, ಶಾಯಿ, ಒಂದಿಷ್ಟು ಗಮನ. ಇಷ್ಟೇ ಖರ್ಚು.

ಈಗ ನಾನು ಮಾಡುವುದು ಇದು: ಪ್ರತಿ ಸಲ ಅಂಗಡಿಯಲ್ಲೇ ನಿಂತು ಪೊಟ್ಟಣ ಬಿಚ್ಚಿ ಅಳತೆ ಓದುತ್ತೇನೆ. ಮಾರ್ಕರ್ ಪೆನ್ನಿನಲ್ಲಿ ಮೇಲೆ 'ಶನಿವಾರ' ಅಂತ ಪೂರ್ತಿ ಬರೆಸುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಒಂದು ಹಂತದಲ್ಲಿ ಡೋಸ್ 20ಕ್ಕೆ ಏರಿತು. ಆಗ ಹೊಟ್ಟೆ ತೊಳಸುವುದು ವಿಪರೀತವಾಯಿತು. ಎಷ್ಟರಮಟ್ಟಿಗೆ ಅಂದರೆ, ಶನಿವಾರ ಸಂಜೆ ಡಬ್ಬಿ ಕಂಡರೇ ವಾಕರಿಕೆ. ಮಾತ್ರೆ ಇನ್ನೂ ಬಾಯಿಗೇ ಹೋಗಿರುತ್ತಿರಲಿಲ್ಲ. ಇದು ನನ್ನೊಬ್ಬರ ಹುಚ್ಚಲ್ಲ, ಈ ಮಾತ್ರೆಯವರಲ್ಲಿ ಹಲವರಿಗೆ ಆಗುತ್ತದಂತೆ. ಡಾಕ್ಟರು ಚರ್ಮದಡಿ ಚುಚ್ಚಿಕೊಳ್ಳುವ ಪೆನ್‌ಗೆ ಬದಲಿಸಿದರು. ಡೋಸ್ ಜಾಸ್ತಿಯಾದಂತೆ ಮಾತ್ರೆ ಹೊಟ್ಟೆಯಲ್ಲಿ ಪೂರ್ತಿ ಹೀರಿಕೊಳ್ಳುವುದಿಲ್ಲ, ಚುಚ್ಚಿದ್ದು ಹೀರಿಕೊಳ್ಳುತ್ತದೆ. ನನ್ನ ಹೊಟ್ಟೆಯೂ ತಣ್ಣಗಾಯಿತು. ಇನ್ನೊಂದು ಲಾಭ ನೋಡಿ: ಒಂದು ಪೆನ್ ಅಂದರೆ ಒಂದು ವಾರದ ಡೋಸ್, ಮುಗಿಯಿತು. ಎಣಿಸುವುದೂ ಬೇಡ, ಅಳತೆ ಅದಲುಬದಲಾಗುವ ಭಯವೂ ಕಡಿಮೆ. ಸ್ಟ್ರಿಪ್ ಮಾಡುವವರು ಕಲಿಯಬೇಕಾದ್ದು ಇಲ್ಲೇ ಇತ್ತು. ಆದರೆ ಜೇಬಿಗೆ ಭಾರ. ಕಾಯಿಲೆ ಹಿಡಿತಕ್ಕೆ ಬಂದು ಡೋಸ್ 15ಕ್ಕೆ ಇಳಿದಾಗ ಮತ್ತೆ ಮಾತ್ರೆಗೇ ಬಂದೆ. ವಾಕರಿಕೆ ಅಷ್ಟಾಗಿ ಇಲ್ಲ.

ರಕ್ತ ಪರೀಕ್ಷೆ ಮಾತ್ರ ಎಂದೂ ತಪ್ಪಿಸಿಲ್ಲ. ಶುರುವಿನಲ್ಲಿ ಮತ್ತು ಡೋಸ್ ಬದಲಾದಾಗ ಕೆಲವೇ ವಾರಕ್ಕೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ. ರಕ್ತಕಣ, ಲಿವರ್, ಕಿಡ್ನಿ, ಈ ಮೂರನ್ನೂ ನೋಡುತ್ತಾರೆ. ಕಿಡ್ನಿ ಯಾಕೆ ಅಂದರೆ ಈ ಔಷಧಿ ಹೊರಗೆ ಹೋಗುವುದು ಹೆಚ್ಚಾಗಿ ಅಲ್ಲಿಂದಲೇ. ವಾಂತಿ ಭೇದಿಯಾಗಿ ದೇಹದ ನೀರು ಹೋದಾಗ ಅದು ಒಳಗೇ ಉಳಿದು ಏರುತ್ತದೆ. ಹಾಗಾದ ವಾರ, ಜೋರು ಜ್ವರ ಬಂದ ವಾರ, ಮಾತ್ರೆ ಮುಟ್ಟುವ ಮೊದಲು ಡಾಕ್ಟರಿಗೆ ಫೋನ್. ಒಣಕೆಮ್ಮು, ಉಬ್ಬಸ ಹೊಸದಾಗಿ ಶುರುವಾದರೂ ಅಷ್ಟೇ. ಅಪರೂಪಕ್ಕೆ ಇದು ಶ್ವಾಸಕೋಶಕ್ಕೂ ತಗಲುತ್ತದೆ.

ಬೇರೆ ಡಾಕ್ಟರ ಹತ್ತಿರ ಹೋದರೆ ಬಾಯಿ ತೆರೆದ ಕೂಡಲೇ ಮೆಥೋಟ್ರೆಕ್ಸೇಟ್ ಅಂತ ಹೇಳಿ. ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೋಪ್ರಿಮ್, ಅದು ಸೇರಿರುವ ಕೋಟ್ರೈಮಾಕ್ಸಜೋಲ್, ಇವೆರಡೂ ನಮಗೆ ಆಗುವುದಿಲ್ಲ. ಅವೂ ಫೋಲೇಟ್‌ಗೇ ಅಡ್ಡ ಬರುವವು, ಮೆಥೋಟ್ರೆಕ್ಸೇಟ್ ಜೊತೆ ಸೇರಿದರೆ ಮಜ್ಜೆಗೆ ಪೆಟ್ಟು. ಮದ್ಯ ಲಿವರ್‌ಗೆ ಇನ್ನೊಂದು ಹೊರೆ. ನಾನು ಕುಡಿಯುವವರ ಪೈಕಿ ಅಲ್ಲ, ಹಾಗಾಗಿ ಕಷ್ಟವಾಗಲಿಲ್ಲ.

ನಡುವೆ ಇದೇ ಕಾಯಿಲೆಯ ಇನ್ನೆರಡು ಔಷಧಿ, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸಲ್ಫಾಸಲಜೀನ್ ಕೂಡ ಸೇರಿಸಿದ್ದರು. ಮೊದಲನೆಯದಕ್ಕೆ ಕಣ್ಣಿನ ರೆಟಿನಾ ತಪಾಸಣೆ ಬೇಕು. ಎರಡನೆಯದರಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಯಾರೂ ಮೊದಲೇ ಹೇಳದಿದ್ದರೆ ಹೆದರಿಬಿಡುತ್ತೀರಿ, ಏನೂ ಆಗುವುದಿಲ್ಲ. ಇವುಗಳಿಗೆಲ್ಲ ಕಾಯಿಲೆ ಬಗ್ಗದಿದ್ದರೆ ಕೊಡುವ ಬಯಾಲಜಿಕ್ ಇಂಜೆಕ್ಷನ್ ನನಗೆ ಬೇಕಾಗಲಿಲ್ಲ, ಬೇಕಾಗಿದ್ದರೂ ನನ್ನ ಜೇಬಿಗೆ ಆಗುತ್ತಿರಲಿಲ್ಲ. ಅದಕ್ಕೆ ಮೊದಲು ಕ್ಷಯ ಮತ್ತು ಹೆಪಟೈಟಿಸ್ ಪರೀಕ್ಷೆ ಮಾಡಿಸಲೇಬೇಕು, ಒಳಗೆ ಅಡಗಿದ್ದ ಸೋಂಕು ಮೇಲೇಳಬಹುದು.

ಮಗು ಬೇಕು ಎನ್ನುವ ಯೋಚನೆ ಇರುವ ಹೆಂಗಸರಿಗೆ ಇದು ಆಗದು. ಹೊಟ್ಟೆಯೊಳಗಿನ ಮಗುವಿಗೆ ಅಪಾಯ. ತಿಂಗಳುಗಳ ಮೊದಲೇ ನಿಲ್ಲಿಸಬೇಕು, ಎಷ್ಟು ಮೊದಲು ಅಂತ ಡಾಕ್ಟರನ್ನೇ ಕೇಳಿ. ಕಿಡ್ನಿ ತೊಂದರೆ ಇರುವವರೂ ಮೊದಲೇ ಹೇಳಿಬಿಡಿ. ಉಳಿದವರು ಕೊಂಡ ದಿನವೇ ಸ್ಟ್ರಿಪ್ ಮೇಲೆ ವಾರದ ಹೆಸರು ಬರೆದಿಡಿ, ದಪ್ಪ ಪೆನ್ನಿನಲ್ಲಿ.