ಆಕಾಶವಾಣಿ ರಾಗಂ: ಇಪ್ಪತ್ತನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿ ಹೇಗಿದೆ?

ಶಾಸ್ತ್ರೀಯ ಸಂಗೀತದ ಕೇಳುಗರು ನಾಲ್ಕು ಜನ ಸೇರಿದರೆ ‘ಈಗೇನು ಕೇಳ್ತಿದ್ದೀರಿ?’ ಎಂಬ ಮಾತು ಬಂದೇ ಬರುತ್ತದೆ. ಉತ್ತರದಲ್ಲಿ ಸುತ್ತಿ ಬರುವುದು ಮಾತ್ರ ಅವೇ ಹತ್ತು ಹೆಸರು, ಅವೇ ಹದಿನೈದು ರಾಗ. ನಿನ್ನೆ ಕೇಳಿದ್ದನ್ನೇ ಹೋಲುವುದನ್ನು ಆ್ಯಪ್‌ಗಳು ಇವತ್ತೂ ಮುಂದಿಡುವುದರಿಂದ ಹೀಗಾಗುತ್ತದೆ. ಈ ಸುಳಿಯಿಂದ ಹೊರಬರಬೇಕೆನ್ನುವವರಿಗೆ ನನ್ನ ಮೊದಲ ಸಲಹೆ ‘ರಾಗಂ’.

ಇದು ಬೆಂಗಳೂರಿನಿಂದ 2016ರ ಜನವರಿ 26ರಂದು ಶುರುವಾದ ಆಕಾಶವಾಣಿಯ ವಾಹಿನಿ. ಹಿಂದೂಸ್ತಾನಿ, ಕರ್ನಾಟಕ ಎರಡೂ ಬರುತ್ತವೆ. ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ವಾಹಿನಿಗಳ ಪಟ್ಟಿ ತೆರೆದು ಹೆಸರು ಒತ್ತಿದರೆ ಸಾಕು. ಡೇಟಾ ಹೆಚ್ಚು ಖರ್ಚಾಗುತ್ತದೆಂಬ ಭಯ ಬೇಡ. 64 ಕೆಬಿಪಿಎಸ್ ದರದ ಧ್ವನಿ ಗಂಟೆಗೆ ಸುಮಾರು 29 ಎಂಬಿ, 128 ಆದರೂ 58 ಎಂಬಿ ಮಾತ್ರ.

ರಾಗಂನ ದೊಡ್ಡ ಗುಣವೆಂದರೆ ಹೊತ್ತು. ಹಿಂದೂಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ದಿನದ ಇಂಥ ಹೊತ್ತೆಂದು ರೂಢಿಯಿದೆ. ನಮ್ಮ ಸಭೆಗಳ ಕಛೇರಿಗಳು ಹೆಚ್ಚಾಗಿ ಸಂಜೆ ಆರರ ಮೇಲೆ. ಹಾಗಾಗಿ ಯಮನ್, ಬಿಹಾಗ್, ಬಾಗೇಶ್ರೀ ಕಿವಿಗೆ ತುಂಬಾ ಪರಿಚಿತ, ಮಧ್ಯಾಹ್ನದ ರಾಗಗಳು ಅಪರಿಚಿತ. ಶುದ್ಧ ಸಾರಂಗ, ಮಧಮಾದ ಸಾರಂಗ, ಗೌಡ ಸಾರಂಗ, ಮುಲ್ತಾನಿ ಇವನ್ನು ಅವುಗಳ ಹೊತ್ತಿನಲ್ಲೇ ಕೇಳುವ ಅವಕಾಶ ರೇಡಿಯೊ ಬಿಟ್ಟರೆ ಅಪರೂಪ. ಹನ್ನೊಂದರಿಂದ ನಾಲ್ಕರ ನಡುವೆ ಒಂದು ವಾರ ಬಿಡದೆ ಹಾಕಿಡಿ. ಸಾರಂಗದ ಒಂದೊಂದು ಬಗೆಯೂ ಎಲ್ಲಿ ಬೇರೆಯಾಗುತ್ತದೆಂದು ಪುಸ್ತಕದ ಹಂಗಿಲ್ಲದೆ ಗೊತ್ತಾಗತೊಡಗುತ್ತದೆ. ಇನ್ನೊಂದು ಲಾಭ ಎರಡೂ ಪದ್ಧತಿಗಳು ಅಕ್ಕಪಕ್ಕ ಸಿಗುವುದು. ಹಿಂದೋಳ ಮುಗಿದ ಮೇಲೆ ಎಂದಾದರೂ ಮಾಲಕೌಂಸ್ ಬಂದರೆ ಸ್ವರಗಳು ಅವೇ ಇದ್ದೂ ಗಮಕ (ಸ್ವರದ ಕಂಪನ) ಮತ್ತು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಷ್ಟು ದೂರ ಒಯ್ಯುತ್ತವೆಂಬುದು ತಕ್ಷಣ ಕೇಳಿಸುತ್ತದೆ.

ಸ್ಟುಡಿಯೋ ಧ್ವನಿಮುದ್ರಣಗಳ ಬಗ್ಗೆ ಒಂದು ಎಚ್ಚರಿಕೆ. ಆಕಾಶವಾಣಿಯ ಕಾರ್ಯಕ್ರಮ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಅರ್ಧ ಗಂಟೆಯೆಂದರೆ ಅರ್ಧ ಗಂಟೆ. ಅತಿ ವಿಲಂಬಿತ, ಅಂದರೆ ತೀರಾ ನಿಧಾನದ, ಏಕತಾಲದ ಒಂದು ಸುತ್ತೇ ಹೆಚ್ಚುಕಡಿಮೆ ಒಂದು ನಿಮಿಷ. ಕಿರಾಣಾ ಘರಾನೆಯ (ಹಿಂದೂಸ್ತಾನಿಯ ಒಂದು ಗಾಯನ ಪರಂಪರೆಯ) ಗಾಯಕರು ಸ್ವರ ಸ್ವರವಾಗಿ ಮೇಲೇರುತ್ತ ರಾಗ ಬೆಳೆಸುವ ಬಢತ್ ಇಷ್ಟರಲ್ಲಿ ಹಿಡಿಯುವುದಿಲ್ಲ. ತಾರ ಷಡ್ಜ (ಮೇಲಿನ ಸ) ಅವಸರದಲ್ಲಿ ಬಂತೆನಿಸುತ್ತದೆ. ಜೈಪುರ-ಅತ್ರೌಲಿ ಘರಾನೆಯವರು ಅಷ್ಟು ನಿಧಾನದ ಲಯ ಹಿಡಿಯುವುದಿಲ್ಲ, ತೀನತಾಲದ ಒಂದೊಂದು ಮಾತ್ರೆಯ ಜೊತೆಗೂ ಬಂದಿಶ್ (ಹಾಡುವ ರಚನೆ) ಬೆಳೆಯುತ್ತದೆ. ಅದಕ್ಕೇ ಆ ಘರಾನೆಯ ಮಲ್ಲಿಕಾರ್ಜುನ ಮನ್ಸೂರರ ಅರ್ಧ ಗಂಟೆ ಎಲ್ಲಿಯೂ ಕತ್ತರಿಸಿದಂತೆ ಕೇಳಿಸುವುದಿಲ್ಲ. ರೇಡಿಯೊ ಅವಧಿಗೆ ಇದಕ್ಕಿಂತ ಒಪ್ಪುವ ಗಾಯನ ಇಲ್ಲ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಕಿರಾಣಾ ಕೇಳಬೇಕಾದರೆ ಸಭಿಕರ ಮುಂದೆ ಹಾಡಿದ ಧ್ವನಿಮುದ್ರಣಕ್ಕೆ ಕಾಯಿರಿ. 1954ರಿಂದ ನಡೆದುಬಂದ ಆಕಾಶವಾಣಿ ಸಂಗೀತ ಸಮ್ಮೇಳನದ್ದು ಬಂದರೆ ಬಿಡಲೇಬೇಡಿ.

ಹಳೆಯ ಮುದ್ರಣದ ಕಾಲ ಊಹಿಸಲು ಸಾಥ್, ಅಂದರೆ ಜೊತೆಯ ವಾದ್ಯ, ಗಮನಿಸಿ. ಸ್ವರಗಳ ನಡುವೆ ಜಾರಲಾಗದ ವಾದ್ಯವೆಂದು 1940ರಲ್ಲಿ ಹಾರ್ಮೋನಿಯಂ ಅನ್ನು ಆಕಾಶವಾಣಿ ಹೊರಗಿಟ್ಟಿತು. 1971ರವರೆಗೆ ಸ್ಟುಡಿಯೋ ಗಾಯನಕ್ಕೆ ಹೆಚ್ಚಾಗಿ ಸಾರಂಗಿಯೇ ಜೊತೆ. ಸ್ಟುಡಿಯೋ ಮುದ್ರಣದಲ್ಲಿ ಹಾರ್ಮೋನಿಯಂ ಕೇಳಿಸಿದರೆ ಅದು ಆಮೇಲಿನದು. ಸಾರಂಗಿ ಕೇಳಿಸಿದ ಮಾತ್ರಕ್ಕೆ ಹಳೆಯದೆನ್ನಲಾಗದು, ಆಮೇಲೂ ಸಾರಂಗಿ ಹಿಡಿದು ಹಾಡಿದವರಿದ್ದಾರೆ.

ಕೊರತೆಯೂ ಇದೆ. ನೇರ ಪ್ರಸಾರವಾದ್ದರಿಂದ ಹಿಂದಕ್ಕೆ ಸರಿಸಿ ಕೇಳಲಾಗದು. ಘೋಷಣೆ ತಪ್ಪಿದರೆ ರಾಗ ಯಾವುದು, ಹಾಡಿದವರು ಯಾರು ಎಂಬುದೂ ತಪ್ಪಿತು. ಆಗ ಮೊದಲು ತಂಬೂರಿಗೆ ಕಿವಿಗೊಡಿ. ಹಿಂದೂಸ್ತಾನಿಯಲ್ಲಿ ಮೊದಲ ತಂತಿ ಸಾಮಾನ್ಯವಾಗಿ ಪಂಚಮ (ಪ). ಅದು ಮಧ್ಯಮಕ್ಕೆ (ಮ) ಸೇರಿದ್ದರೆ ಪಂಚಮ ಇಲ್ಲದ ಅಥವಾ ಅಲ್ಪವಾಗಿರುವ ಮಾಲಕೌಂಸ್, ಬಾಗೇಶ್ರೀಯಂಥವನ್ನು ನೆನೆಯಿರಿ. ನಿಷಾದಕ್ಕೆ (ನಿ) ಸೇರಿದ್ದರೆ ಮಾರವಾ, ಪೂರಿಯಾ, ಸೋಹನಿ. ಆಮೇಲೆ ಷಡ್ಜ ಹಿಡಿದು ಗುನುಗುತ್ತ ರಿಷಭ ಕೋಮಲವೋ ಶುದ್ಧವೋ ನೋಡಿ. ಅಷ್ಟರಲ್ಲೇ ಪಟ್ಟಿ ಅರ್ಧಕ್ಕಿಳಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ದಾರಿ ಸುಲಭ. ಪಲ್ಲವಿಯ ಮೊದಲ ಎರಡು ಪದ ಬರೆದಿಟ್ಟುಕೊಂಡು ಹುಡುಕಿದರೆ ರಾಗ, ತಾಳ, ವಾಗ್ಗೇಯಕಾರರ ಹೆಸರು ಸಿಗುತ್ತದೆ. ಕೊನೆಯ ಘೋಷಣೆಯವರೆಗೂ ಕಾಯುವುದು ಒಳ್ಳೆಯದು, ಪಕ್ಕವಾದ್ಯದವರ ಹೆಸರು ಎಷ್ಟೋ ಸಲ ಅಲ್ಲಿ ಮತ್ತೊಮ್ಮೆ ಬರುತ್ತದೆ.

ಧ್ವನಿ ತೆಳುವೆನಿಸಿದರೆ ವಾಹಿನಿಯನ್ನು ದೂರುವ ಮೊದಲು ಸ್ಪೀಕರ್ ಬದಲಿಸಿ. ಗಾಯಕರ ಷಡ್ಜ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜ (ಕೆಳಗಿನ ಷಡ್ಜದ ತಂತಿ) ಅದರ ಅರ್ಧ, 69. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿಳಿಯಲಾರದು. ತಬಲದ ಜೋಡಿಯಾದ ಡಗ್ಗಾದ ಘುಮಾರ, ಮೃದಂಗದ ಎಡಬದಿಯ ಗುಂಕಿ ಕಳೆದುಹೋಗಿ ಬಲಬದಿಯ ಟಣತ್ಕಾರ ಮಾತ್ರ ಉಳಿಯುತ್ತದೆ. ತಂತಿಯ ಹೆಡ್‌ಫೋನ್ ಸಾಕು, ದುಬಾರಿಯದೇ ಆಗಬೇಕೆಂದಿಲ್ಲ. ಬೇಸ್ ಹೆಚ್ಚಿಸುವ ಗುಂಡಿ ಮಾತ್ರ ಒತ್ತಬೇಡಿ, ಡಗ್ಗಾ ಉಬ್ಬಿ ಮಂದ್ರದ ಆಲಾಪವನ್ನೇ ಮುಚ್ಚುತ್ತದೆ.

ಕೆಲವು ದೋಷ ಟೇಪಿನವೇ. ಸಾಲು ಶುರುವಾಗುವ ಮುಂಚೆಯೇ ಅದರ ಮಂದ ಛಾಯೆ ಕೇಳಿಸಿದರೆ ಸುರುಳಿಯ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ಅಂಟಿದೆ ಎಂದರ್ಥ. ಪರಿಚಿತ ಗಾಯಕರ ಶ್ರುತಿ ಎಂದಿಗಿಂತ ತುಸು ಏರಿದ್ದು, ತಾನ್‌ಗಳೂ (ವೇಗದ ಸ್ವರಗುಚ್ಛಗಳೂ) ಚುರುಕೆನಿಸಿದರೆ ಟೇಪು ಬೇಗ ಓಡಿದೆಯೇ ಎಂದು ಅನುಮಾನಿಸಿ. ವೇಗ ನೂರಕ್ಕೆ ಮೂರರಷ್ಟು ಹೆಚ್ಚಾದರೂ ಶ್ರುತಿ ಕಾಲು ಸ್ವರದಷ್ಟು ಏರುತ್ತದೆ.

ಹಾಗಾದರೆ ಹಣ ಕೊಟ್ಟು ಪಡೆಯುವ ಸಂಗೀತ ಆ್ಯಪ್ ಬೇಡವೇ? ಬೇಕು. ರಾಗಂನಲ್ಲಿ ಕಿವಿಗೆ ಬಿದ್ದದ್ದನ್ನು ಮರಳಿ ಮರಳಿ ಕೇಳುವುದು ಅಲ್ಲಿಯೇ. ಆದರೆ ಅವುಗಳ ವ್ಯವಸ್ಥೆ ಸಿನಿಮಾ ಹಾಡಿನ ಅಳತೆಯದು. ಕರ್ನಾಟಕ ಕಛೇರಿಯಲ್ಲಿ ಒಂದಾದ ಮೇಲೊಂದು ಬರುವ ರಾಗಂ-ತಾನಂ-ಪಲ್ಲವಿ ಮೂರು ತುಂಡಾಗಿ, ತನಿ ಆವರ್ತನ (ತಾಳವಾದ್ಯಗಳ ಸರದಿ) ನಾಲ್ಕನೆಯದಾಗಿ ಬಿದ್ದಿರುತ್ತದೆ. ಷಫಲ್ (ಕ್ರಮ ಕಲಸುವುದು) ಆನ್ ಆಗಿದ್ದರೆ ಪಲ್ಲವಿಯ ಮೇಲೆ ತಾನ ಬಂದೀತು. ಸೆಟ್ಟಿಂಗ್‌ನಲ್ಲಿ ಷಫಲ್ ತೆಗೆಯಿರಿ, ಒಂದರ ಕೊನೆಗೆ ಇನ್ನೊಂದರ ಮೊದಲನ್ನು ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ನಡುವೆ ಬಿಡುವಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಹಾಕಿ. ಹುಡುಕುವಾಗ ಕಲಾವಿದರ ಹೆಸರಿನ ಜೊತೆ ರಾಗದ ಹೆಸರನ್ನು ಎರಡು ಮೂರು ಕಾಗುಣಿತದಲ್ಲಿ ಕೊಡಿ. ಇಂಗ್ಲಿಷ್ ಅಕ್ಷರದಲ್ಲಿ ತೋಡಿಯ ‘ತೋ’ಗೆ ಹೆಚ್ ಸೇರಿಸಿ ಬರೆದವರೂ, ‘ಡಿ’ಯಲ್ಲಿ ಡಿ ಬದಲು ಆರ್ ಬರೆದವರೂ ಇದ್ದಾರೆ.

ವಿದೇಶದಲ್ಲಿರುವವರು ಹೊತ್ತಿನ ಲೆಕ್ಕ ಇಟ್ಟುಕೊಳ್ಳಬೇಕು. ಇಲ್ಲಿನ ಬೆಳಗಿನ ಆರು ಗಂಟೆ ನ್ಯೂಯಾರ್ಕ್‌ನಲ್ಲಿ ಹಿಂದಿನ ಸಂಜೆ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೂ ಮೂರು ಗಂಟೆ ಹಿಂದೆ. ಅಲ್ಲಿ ಬೆಳಗಿನ ರಾಗವಾದ ಭೈರವ್ ಸಂಜೆಯ ಅಡುಗೆ ಹೊತ್ತಿಗೆ ಬರುತ್ತದೆ. ಸಂಜೆಯ ಯಮನ್, ಪೂರಿಯಾ ಬೇಕಾದರೆ ಬೆಳಗಿನ ಕಾಫಿಯ ಹೊತ್ತಿಗೆ ಹಾಕಬೇಕು.