ನಿಧಾನವಾದ ಹಾರ್ಡ್ ಡಿಸ್ಕ್‌ಗೆ ನಾಲ್ಕು ದಾರಿ: ಆಲ್ದೂರಿನಲ್ಲಿ ಮಾಡಿ ನೋಡಿದ ಹೋಲಿಕೆ

ಆಲ್ದೂರಿನ ಹತ್ತಿರ ನನ್ನ ಚಿಕ್ಕಪ್ಪನದೊಂದು ಸಣ್ಣ ಕಾಫಿ ತೋಟವಿದೆ. ಅಲ್ಲಿನ ಕಂಪ್ಯೂಟರ್‌ನಲ್ಲಿ 2009ರಿಂದ ಈಚೆಗೆ ಬಿದ್ದ ಮಳೆಯ ದಿನದಿನದ ಲೆಕ್ಕವಿದೆ, ಇಂಚು ಮತ್ತು ಸೆಂಟ್‌ಗಳಲ್ಲಿ. ಹೂಮಳೆ ಯಾವ ದಿನ ಬಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆ ಎಷ್ಟು ದಿನ ತಡವಾಯಿತು, ಎಲ್ಲವೂ ಒಂದೇ ಎಕ್ಸೆಲ್ ಹಾಳೆಯಲ್ಲಿದೆ. ಆಳುಗಳ ಹಾಜರಿ-ಕೂಲಿಯ ಲೆಕ್ಕವಾದ ಚೆಕ್‌ರೋಲ್ ಕೂಡ ಅದೇ ಕಂಪ್ಯೂಟರ್‌ನಲ್ಲಿ.

2025ರ ಏಪ್ರಿಲ್‌ನಲ್ಲಿ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟುಹೋಯಿತು. ಚಿಕ್ಕಮಗಳೂರಿನಲ್ಲಿ ಹಳೆಯ ಎಚ್61 ಬೋರ್ಡ್, ಎರಡನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್, 8 ಜಿಬಿ ರ್‍ಯಾಮ್ ಹೊಂದಿಸಿಕೊಂಡು ಹೋಗಿ, ಇದ್ದ 500 ಜಿಬಿ ಡಿಸ್ಕನ್ನೇ ಜೋಡಿಸಿದೆ. ವಿಂಡೋಸ್ 10 ತಕರಾರಿಲ್ಲದೆ ಎದ್ದಿತು. ಆದರೆ ಮೊದಲಿಗಿಂತಲೂ ನಿಧಾನ! ಗುಂಡಿ ಒತ್ತಿದ ಕ್ಷಣದಿಂದ ಮಳೆಯ ಹಾಳೆ ತೆರೆದು ಕರ್ಸರ್ ಮಿನುಗುವವರೆಗೆ 6 ನಿಮಿಷ 40 ಸೆಕೆಂಡ್. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಸದಾ ನೂರು ಶೇಕಡಾ. "ಮಾರಾಯ, ಗಾಡಿ ಹೊಸದು ಮಾಡಿದೆ, ಎತ್ತು ಹಳೆಯದೇ ಉಳಿಯಿತಲ್ಲ" ಎಂದರು ಚಿಕ್ಕಪ್ಪ.

ಎತ್ತಿನದೇ ತಪ್ಪೋ, ನೊಗದ ಹಗ್ಗದ್ದೋ ಎಂದು ತಿಳಿಯುವುದಕ್ಕಾಗಿಯೇ ಮುಂದಿನ ಕೆಲವು ವಾರ ನಾಲ್ಕು ದಾರಿಗಳನ್ನು ಹಿಡಿದು ನೋಡಿದೆ: ಹಳೆಯ ಡಿಸ್ಕನ್ನೇ ಸರಿಪಡಿಸುವುದು, ಹೊಸ ಹಾರ್ಡ್ ಡಿಸ್ಕ್, ಸುತ್ತುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ, ಹಳೆಯ ಡಿಸ್ಕಿನ ಮೇಲೆ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್. ಅಳತೆಗೋಲು ಎಲ್ಲಕ್ಕೂ ಒಂದೇ, ಗುಂಡಿಯಿಂದ ಮಳೆಯ ಹಾಳೆಯವರೆಗಿನ ಸಮಯ. ಯಾವುದನ್ನೂ ಮುಟ್ಟುವ ಮೊದಲು ಆ ಹಾಳೆಯನ್ನೂ ಚೆಕ್‌ರೋಲನ್ನೂ ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿಕೊಂಡೆ. ನಿಧಾನವಾದ ಡಿಸ್ಕ್ ಸಾಯುತ್ತಿರುವ ಡಿಸ್ಕೂ ಆಗಿರಬಹುದು. ವೇಗ ಅಳೆಯುವ ಪರೀಕ್ಷೆಯೇ ಅದರ ಕೊನೆಯ ಕೆಲಸವಾಗಿಬಿಟ್ಟರೆ ಹದಿನಾರು ವರ್ಷದ ಮಳೆ ಹೋದಂತೆಯೇ.

ಮೊದಲ ದಾರಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹೆಚ್ಚಿನವರು ಇದನ್ನು ದಾಟಿಕೊಂಡೇ ಅಂಗಡಿಗೆ ಹೋಗುತ್ತಾರೆ. ಪ್ರತಿ ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ನೋಡಬೇಕಾದ ಸಾಲುಗಳು ಮೂರು. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳ, ಅಂದರೆ ಡಿಸ್ಕಿನಲ್ಲಿ ಮಾಹಿತಿ ಕೂರುವ ಚಿಕ್ಕ ಚಿಕ್ಕ ಮನೆಗಳ, ಎಣಿಕೆ. 197 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. 199 ಎಂದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ಸಾಗುವಾಗ ಕೆಟ್ಟ ಮಾಹಿತಿಯ ಎಣಿಕೆ. ಮೊದಲೆರಡು ಡಿಸ್ಕಿನ ಒಳಗಿನ ಕಾಯಿಲೆ. ಮೂರನೆಯದಕ್ಕೆ ಬಹುಪಾಲು ಕೇಬಲ್ಲೇ ಕಾರಣ. ಆ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ತೋರಿಸುತ್ತದೆ, ಹಾಗಾಗಿ ಈ ಸಾಲುಗಳ ಗುರುತು 05, C5, C7 ಎಂದು ಕಾಣುತ್ತದೆ; ಎಣಿಕೆಗಳನ್ನು ಆಯ್ಕೆಗಳಲ್ಲಿ ಹತ್ತರ ಮಾನಕ್ಕೆ ಬದಲಿಸಿಕೊಳ್ಳಬೇಕು.

ನಮ್ಮ ಡಿಸ್ಕಿನ 199ನೆಯ ಸಾಲು, ನಾನು ಒಂದು ದೊಡ್ಡ ಫೈಲ್ ನಕಲು ಮಾಡುತ್ತಿದ್ದಂತೆಯೇ ಏರುತ್ತಿತ್ತು. ಕೇಬಲ್ ಕಳಚಿ ಕಿಟಕಿಯ ಬೆಳಕಿಗೆ ಹಿಡಿದೆ. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಈ ಸಾಟಾ ಕೇಬಲ್ಲಿನ ಬಾಯೊಳಗೆ ಏಳು ಲೋಹದ ಗೆರೆಗಳಿರುತ್ತವೆ. ಐದು ಹೊಳೆಯುತ್ತಿದ್ದವು, ಅಂಚಿನ ಎರಡು ಮಂಕಾಗಿ, ಹಳೆಯ ತಾಮ್ರದ ಚೊಂಬಿನ ತಳದ ಬಣ್ಣಕ್ಕೆ ತಿರುಗಿದ್ದವು. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಬೀರುವಿನೊಳಗಿನ ಚರ್ಮದ ಚೀಲಕ್ಕೂ ಬೂಸ್ಟು ಹಿಡಿಯುತ್ತದೆ, ಇದಕ್ಕೆ ಹಿಡಿಯದಿರುತ್ತದೆಯೇ? ಸಾಲದ್ದಕ್ಕೆ, ಮರುಜೋಡಣೆಯಲ್ಲಿ ನಾನೇ ಅದನ್ನು ಡಬ್ಬಿಯ ಬಾಗಿಲಿಗೆ ಒತ್ತಿ ಮಡಿಸಿದ್ದೆ. ಎಂಬತ್ತು ರೂಪಾಯಿಯ ಹೊಸ ಕೇಬಲ್, ಲೋಹದ ಕೊಕ್ಕೆ ಇರುವಂಥದ್ದು, ಹಾಕಿದೆ. ಸೆಕೆಂಡಿಗೆ 11 ಎಂಬಿ ಇದ್ದ ಓದುವ ವೇಗ 85ಕ್ಕೆ ಏರಿತು. 199ರ ಎಣಿಕೆ ಎಂದೂ ಇಳಿಯುವುದಿಲ್ಲ, ಅದು ಏರುವುದು ನಿಂತಿತೇ ಎಂಬುದನ್ನಷ್ಟೇ ನೋಡಬೇಕು. ನಿಂತಿತು.

ಇನ್ನೂ ಹಳೆಯ, ಅಗಲ ಪಟ್ಟಿಯ ಐಡಿಇ ಕೇಬಲ್ ಇರುವ ಯಂತ್ರ ನಿಮ್ಮದಾದರೆ ಇದೇ ರೋಗ ಬೇರೆ ರೂಪದಲ್ಲಿ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಇಂಥ ದೋಷಗಳು ಆರು ಬಾರಿ ಕೂಡಿದರೆ ವೇಗದ ವಿಧಾನವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಕೊನೆಗೆ ಪಿಐಒ ಎಂಬ ಪುರಾತನ ವಿಧಾನಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿ ಸೆಕೆಂಡಿಗೆ 16 ಎಂಬಿಗಿಂತ ಹೆಚ್ಚು ಸಾಗದು. ಅಂಥ ಯಂತ್ರದಲ್ಲಿ ಪೂರ್ಣ ವೇಗಕ್ಕೆ 40 ತಂತಿಯ ಕೇಬಲ್ ಸಾಲದು, 80 ತಂತಿಯದೇ ಬೇಕು.

ಎರಡನೆಯ ತಪ್ಪು ಬಯೋಸ್‌ನಲ್ಲಿತ್ತು, ಅಂದರೆ ವಿಂಡೋಸ್‌ಗಿಂತ ಮೊದಲೇ ಏಳುವ ಬೋರ್ಡಿನ ಸ್ವಂತ ಹೊಂದಿಕೆಗಳಲ್ಲಿ. ಹಳೆಯ ಬೋರ್ಡ್‌ಗಳ ಬ್ಯಾಟರಿ ಬದಲಿಸಿದಾಗ ಸಾಟಾ ವಿಧಾನ ಕೆಲವೊಮ್ಮೆ ಐಡಿಇಗೆ ಮರಳಿರುತ್ತದೆ, ನಮ್ಮದೂ ಹಾಗೆಯೇ ಇತ್ತು. ಅದರ ಬದಲು ಹೊಸ ವಿಧಾನವಾದ ಎಎಚ್‌ಸಿಐ ಇದ್ದರೆ ಡಿಸ್ಕ್ ತನ್ನ ಮುಂದಿರುವ ಕೋರಿಕೆಗಳ ಸರದಿಯನ್ನು ತಾನೇ ಹೊಂದಿಸಿಕೊಂಡು ಅಲೆದಾಟ ಕಡಿಮೆ ಮಾಡಿಕೊಳ್ಳುತ್ತದೆ. ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗುತ್ತದೆ. ಮೊದಲು ವಿಂಡೋಸ್‌ನದೇ ಎಂಎಸ್‌ಕಾನ್ಫಿಗ್ ಎಂಬ ಸಲಕರಣೆಯಲ್ಲಿ ಸೇಫ್ ಮೋಡ್ ಆರಿಸಿ, ಮರುಪ್ರಾರಂಭದಲ್ಲಿ ಬಯೋಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಆಯ್ಕೆಯನ್ನು ತೆಗೆದರಾಯಿತು. ಇವೆರಡರಿಂದ ಸಮಯ 2 ನಿಮಿಷ 55 ಸೆಕೆಂಡಿಗೆ ಇಳಿಯಿತು, ಖರ್ಚು ಎಂಬತ್ತು ರೂಪಾಯಿ. ಹಿನ್ನೆಲೆಯಲ್ಲಿ ಓಡುವ ಸಿಸ್‌ಮೇನ್ ಎಂಬ ವಿಂಡೋಸ್ ಸೇವೆ ನಿಲ್ಲಿಸಿ, ಹುಡುಕಾಟದ ಸೂಚಿ ನಿಲ್ಲಿಸಿ ಎಂಬ ಸಲಹೆಗಳನ್ನೂ ಮಾಡಿ ನೋಡಿದೆ. ಎರಡು ದಿನದ ನಂತರ ಹೇಳಿಕೊಳ್ಳುವ ವ್ಯತ್ಯಾಸವೇನೂ ಉಳಿಯಲಿಲ್ಲ.

ಆದರೆ 197ನೆಯ ಸಾಲಿನಲ್ಲಿ 3 ಇತ್ತು. ಅದಕ್ಕೆ ಕೇಬಲ್ ಮದ್ದಲ್ಲ. ಆ ಜಾಗಕ್ಕೆ ಬಂದಾಗ ಡಿಸ್ಕಿನ ಓದುವ ತಲೆ ಮತ್ತೆ ಮತ್ತೆ ಯತ್ನಿಸುವ 'ಟಿಕ್, ಟಿಕ್' ಸದ್ದು ಕೇಳಿಸುತ್ತಿತ್ತು, ಅಷ್ಟು ಹೊತ್ತು ಇಡೀ ಪರದೆ ಕಲ್ಲಾಗುತ್ತಿತ್ತು. ಹಾಗಾಗಿ 1 ಟಿಬಿಯ ಹೊಸ ಹಾರ್ಡ್ ಡಿಸ್ಕ್ ತಂದು, ಪೆನ್‌ಡ್ರೈವ್ ಲಿನಕ್ಸ್‌ನಿಂದ, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಹಳೆಯದನ್ನು ಇಡಿಯಾಗಿ ಅದರ ಮೇಲೆ ಇಳಿಸಿದೆ. ಎರಡೂಕಾಲು ಗಂಟೆ ಹಿಡಿಯಿತು. ಮೂರು ಸೆಕ್ಟರ್, ಅಂದರೆ ಒಂದೂವರೆ ಕೆಬಿ, ಮಾತ್ರ ಬರಲಿಲ್ಲ. ಮಳೆಯ ಹಾಳೆಗೆ ಏನೂ ಆಗಿರಲಿಲ್ಲ.

ಇಲ್ಲಿ ನನಗೆ ಅಚ್ಚರಿ ಕಾದಿತ್ತು. ನಿಮಿಷಕ್ಕೆ 7,200 ಸುತ್ತು ಸುತ್ತುವ ಹೊಚ್ಚ ಹೊಸ ಡಿಸ್ಕ್ 3 ನಿಮಿಷ 20 ಸೆಕೆಂಡ್ ತೆಗೆದುಕೊಂಡಿತು, ಕೇಬಲ್ ಬದಲಿಸಿದ ಹಳೆಯದಕ್ಕಿಂತ ಹೆಚ್ಚು. ಒಂದು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಕಾರಣ ಸಿಕ್ಕಿತು. 2009ರಲ್ಲಿ ಎಕ್ಸ್‌ಪಿ ಮಾಡಿದ ಪಾರ್ಟಿಷನ್, ಅಂದರೆ ಡಿಸ್ಕಿನ ವಿಭಾಗ, 63ನೆಯ ಸೆಕ್ಟರ್‌ನಿಂದ ಶುರುವಾಗುತ್ತಿತ್ತು. ಹಳೆಯ ಡಿಸ್ಕಿನ ಸೆಕ್ಟರ್ 512 ಬೈಟ್‌ಗಳದ್ದು, ಅದಕ್ಕೆ ತೊಂದರೆಯಿಲ್ಲ. ಈಗಿನ ಡಿಸ್ಕ್‌ಗಳಲ್ಲಿ ಒಳಗಿನ ಸೆಕ್ಟರ್ 4,096 ಬೈಟ್, ಅಂದರೆ ಹಳೆಯ ಎಂಟು ಸೇರಿ ಒಂದು. 63 ಎಂಟರಿಂದ ಭಾಗವಾಗುವುದಿಲ್ಲ. ಹಾಗಾಗಿ ಸಣ್ಣ ಬರವಣಿಗೆಯೂ ಎರಡು ಸೆಕ್ಟರ್‌ಗಳ ಗಡಿಯ ಮೇಲೆ ಬೀಳುತ್ತದೆ, ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕು. ವಿಸ್ತಾದಿಂದ ಈಚಿನ ವಿಂಡೋಸ್‌ಗಳು 2048ರಿಂದ ಶುರು ಮಾಡುತ್ತವೆ, ಅದು ಸರಿಯಾಗಿ ಹೊಂದುತ್ತದೆ. ಪಾರ್ಟಿಷನ್ ಅಳಿಸಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿದಾಗ 1 ನಿಮಿಷ 35 ಸೆಕೆಂಡ್. ಇದರಲ್ಲಿ ವರ್ಷಗಳ ಕಸವಿಲ್ಲದ ಹೊಸ ಸ್ಥಾಪನೆಯ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಹಾರ್ಡ್ ಡಿಸ್ಕ್ ಕೊಳ್ಳುವವರು ಮತ್ತೊಂದನ್ನು ಕೇಳಿ ತಿಳಿದುಕೊಳ್ಳಬೇಕು: ಅದು ಎಸ್‌ಎಂಆರ್ ಬಗೆಯದೇ? ನಮ್ಮ ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ, ನಡುವಿನ ಒಂದು ಹೆಂಚು ಬದಲಿಸಲು ಸುತ್ತಲಿನವನ್ನೂ ಎತ್ತಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ಮಾಹಿತಿ ಬರೆಯುವ ಸುತ್ತುಗೆರೆಗಳಾದ ಟ್ರ್ಯಾಕ್‌ಗಳೂ ಹಾಗೆಯೇ ಒಂದರ ಮೇಲೊಂದು ಚಾಚಿರುತ್ತವೆ. ಫೋಟೋ ತುಂಬಿಡಲು ಅದು ಸಾಕು, ವಿಂಡೋಸ್ ನಡೆಸಲು ಬೇಡ. ನಾನು ಕೇಳಿಯೇ ತಂದಿದ್ದರಿಂದ ಆ ಕಾಟ ತಪ್ಪಿತು.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. 240 ಜಿಬಿಯದು, ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಎಚ್61 ಬೋರ್ಡಿನಲ್ಲಿರುವುದು ಸಾಟಾದ ಎರಡನೇ ತಲೆಮಾರು, ಹೀಗಾಗಿ 500 ದಾಟಬಲ್ಲ ವೇಗ ಸೆಕೆಂಡಿಗೆ 265 ಎಂಬಿಗೆ ನಿಂತಿತು. ಹಳೆಯ ಬೋರ್ಡಿಗೆ ಎಸ್‌ಎಸ್‌ಡಿ ದಂಡ ಎನ್ನುವವರು ಈ ಅಂಕಿಯನ್ನೇ ತೋರಿಸುತ್ತಾರೆ, ಅದು ತಪ್ಪು. ಯಂತ್ರ ಏಳುವಾಗ ಬೇಕಾಗುವುದು ಸಾವಿರಾರು ಚೂರುಪಾರು ಫೈಲ್‌ಗಳು. 7,200 ಸುತ್ತಿನ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಸರಾಸರಿ ಅರ್ಧ ಸುತ್ತು ಕಾಯಬೇಕು, ತಲೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್. ಸೆಕೆಂಡಿಗೆ ಎಂಬತ್ತು ಚೂರು ಹೆಕ್ಕಿದರೆ ಹೆಚ್ಚು. ತಲಾ 4 ಕೆಬಿ ಎಂದರೆ 320 ಕೆಬಿ ಅಷ್ಟೇ! ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಸರಿಯುವುದೂ ಇಲ್ಲ. ಮಳೆಯ ಹಾಳೆ 34 ಸೆಕೆಂಡಿನಲ್ಲಿ ತೆರೆದಿತ್ತು. ಚಿಕ್ಕಪ್ಪ ಕಾಫಿ ತರಲು ಒಳಗೆ ಹೋದವರು ಬಾಗಿಲಲ್ಲೇ ನಿಂತುಬಿಟ್ಟರು.

ಅದರ ದೋಷವೂ ನಿಜವಾದದ್ದೇ. ಹಾರ್ಡ್ ಡಿಸ್ಕ್ ಅನೇಕ ಸಲ ನರಳಿ, ಸದ್ದು ಮಾಡಿ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಒಂದು ಬೆಳಿಗ್ಗೆ ಕಾಣೆಯಾಗಬಹುದು. ಒಂದೇ ಪ್ರತಿಯನ್ನು ಅದರ ಮೇಲಿಡಲು ನಾನು ಒಪ್ಪುವುದಿಲ್ಲ.

ನಾಲ್ಕನೆಯದು, ಖಾಲಿಯಾದ ಹಳೆಯ ಡಿಸ್ಕಿನ ಮೇಲೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇಡೀ ಡಿಸ್ಕನ್ನು ಒಮ್ಮೆ ಸೊನ್ನೆಗಳಿಂದ ತುಂಬಿಸಿದಾಗ 197ರ ಎಣಿಕೆ ಸೊನ್ನೆಯಾಯಿತು, 5ನೆಯದು 3 ಆಯಿತು. ಎಕ್ಸೆಲ್ ಬದಲಿಗೆ ಬಳಸಿದ ಲಿಬ್ರೆಆಫೀಸ್‌ನಲ್ಲಿ ಮಳೆಯ ಹಾಳೆ 1 ನಿಮಿಷ 20 ಸೆಕೆಂಡಿಗೆ ತೆರೆಯಿತು, ಹಣ ಖರ್ಚಾಗಲಿಲ್ಲ. ಟೈಪಿಂಗ್‌ಗೆ ಚಿಕ್ಕಪ್ಪನಿಗೆ ಕೈಗೂಡಿದ ಕಗಪ ಕೀಲಿಮಣೆ ವಿನ್ಯಾಸವೂ ಅಲ್ಲಿದೆ. ತೊಡಕು ಬಂದದ್ದು 'ನುಡಿ' ತಂತ್ರಾಂಶದಲ್ಲಿ ಬರೆದ ಹಳೆಯ ಪತ್ರಗಳಲ್ಲಿ. ಅವು ಯೂನಿಕೋಡ್ ಅಲ್ಲದ ಫಾಂಟ್‌ನವು, ಪರಿವರ್ತಿಸಿದರೂ ಕೆಲವು ಒತ್ತಕ್ಷರಗಳು ಜಾಗ ತಪ್ಪಿದವು, ಕೂತು ತಿದ್ದಬೇಕಾಯಿತು. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯಂತೂ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದು. ಮೂರು ವಾರದ ನಂತರ 197ನೆಯ ಸಾಲಿನಲ್ಲಿ 11 ಕಂಡಿತು. ಅಂದೇ ಆ ಡಿಸ್ಕನ್ನು ಕಳಚಿದೆ. ಡಿಸ್ಕ್ ಗಟ್ಟಿಯಿದ್ದವರಿಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ.

ಚಿಕ್ಕಪ್ಪನಿಗೆ ನಾನು ಆರಿಸಿದ್ದು ಎಸ್‌ಎಸ್‌ಡಿ, ಜೊತೆಗೆ ಹೊಸ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆಗಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಆಗಲಿ ಈ ಯಂತ್ರದಲ್ಲಿಲ್ಲ. ಆದ್ದರಿಂದ ಎಸ್‌ಎಸ್‌ಡಿಯನ್ನು ಎರಡು ಪಾರ್ಟಿಷನ್ ಮಾಡಿ, ಒಂದರಲ್ಲಿ ಟ್ಯಾಲಿ, ನುಡಿಗಾಗಿ ಇಂಟರ್‌ನೆಟ್ ಇಲ್ಲದ ವಿಂಡೋಸ್, ಇನ್ನೊಂದರಲ್ಲಿ ಬ್ಯಾಂಕ್ ಮತ್ತು ಇಮೇಲ್‌ಗೆ ಮಿಂಟ್ ಇಟ್ಟಿದ್ದೇನೆ. ಪ್ರತಿ ಭಾನುವಾರ ಹಾಳೆಗಳು ಹಾರ್ಡ್ ಡಿಸ್ಕಿಗೂ, ಕಂಪ್ಯೂಟರ್‌ನಿಂದ ಕಳಚಿಡುವ ಪೆನ್‌ಡ್ರೈವಿಗೂ ನಕಲಾಗುತ್ತವೆ. ಇನ್ನೊಂದು ಸಿಡಿಲು ಬಂದರೆ ಜೋಡಿಸಿಟ್ಟದ್ದೆಲ್ಲ ಒಟ್ಟಿಗೇ ಹೋಗಬಾರದಲ್ಲ. ಪೆನ್‌ಡ್ರೈವ್ ಈಗ ಚಿಕ್ಕಪ್ಪನ ಮಳೆಮಾಪಕದ ಅಳತೆ ಗಾಜಿನ ಪಕ್ಕದಲ್ಲಿ, ಅಕ್ಕಿಕಾಳು ಹಾಕಿದ ಡಬ್ಬಿಯಲ್ಲಿದೆ.