ಯಂತ್ರ ಆಫ್ ಮಾಡದೆ ಡಿಸ್ಕ್ ಬದಲಿಸುವುದು: ನಾಲ್ಕು ಡಿಸ್ಕ್‌ಗಳ ಹಾಟ್‌ಸ್ವಾಪ್ ಬೇ, ಕೆಲವು ವರ್ಷಗಳ ಬಳಕೆಯ ನಂತರ

ಮನೆಯ ಲಿನಕ್ಸ್ ಸರ್ವರ್‌ಗೆ ಈ ಬೇ, ಅಂದರೆ ಯಂತ್ರ ಓಡುತ್ತಿರುವಾಗಲೇ ಡಿಸ್ಕ್ ಹಾಕಿ ತೆಗೆಯಬಹುದಾದ ಟ್ರೇಗಳ ಚೌಕಟ್ಟು, ಹಾಕಿ ಕೆಲವು ವರ್ಷಗಳಾದವು. ಸರ್ವರ್ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಕವರ್ ಬಿಚ್ಚದೆ, ಆಫ್ ಮಾಡದೆ ಬ್ಯಾಕಪ್ ಡಿಸ್ಕ್ ತೆಗೆದು ಇನ್ನೊಂದನ್ನು ತೂರಿಸಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಆ ಕೆಲಸಕ್ಕೆ ಇದು ಒಳ್ಳೆಯ ವಸ್ತು. ಆದರೆ ಬಾಕ್ಸ್ ಮೇಲೆ ಬರೆದಿರುವಂತೆ ಸುಮ್ನೆ ಹಾಕಿ, ಸುಮ್ನೆ ಎಳೆಯುವ ಮಾತು ನಂಬಬೇಡಿ.

ಓಡುವ ಯಂತ್ರಕ್ಕೆ ಡಿಸ್ಕ್ ಹಾಕಿದರೆ ಸುಟ್ಟುಹೋಗುವುದಿಲ್ಲವಾ ಎಂದು ಹಲವರು ಕೇಳುತ್ತಾರೆ. ಇಲ್ಲ. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸಾಟಾ ಕನೆಕ್ಟರ್ ಮಾಡಿರುವುದೇ ಹಾಗೆ. ಬೇ ಹಿಂಭಾಗದ ಬೋರ್ಡಿನಲ್ಲಿ ಪವರ್ ಪಿನ್‌ಗಳೆಲ್ಲ ಒಂದೇ ಉದ್ದಕ್ಕೆ ಇರುವುದಿಲ್ಲ. ಮೊದಲು ಗ್ರೌಂಡ್ ಪಿನ್ ತಾಗುತ್ತದೆ. ಆಮೇಲೆ ಡಿಸ್ಕಿಗೆ ಸ್ವಲ್ಪ ಸ್ವಲ್ಪವೇ ಕರೆಂಟ್ ತುಂಬಿಸುವ ಪಿನ್‌ಗಳು. ಕೊನೆಗೆ ಉಳಿದವು. ಒಂದೇ ಸಲಕ್ಕೆ ಕರೆಂಟ್ ನುಗ್ಗುವುದಿಲ್ಲ, ಪಕ್ಕದ ಡಿಸ್ಕ್‌ಗಳಿಗೂ ತೊಂದರೆ ಆಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಈ ವಿಷಯದಲ್ಲಿ ಒಂದು ದೂರೂ ಇಲ್ಲ.

ತಲೆನೋವು ಇರುವುದು ಮದರ್‌ಬೋರ್ಡ್ ಕಡೆ. ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್ ಹಳೆಯ ಐಡಿಇ ಮೋಡ್‌ನಲ್ಲಿ ಇರಬಾರದು, ಎಎಚ್‌ಸಿಐ ಮೋಡ್‌ನಲ್ಲಿ ಇರಬೇಕು. ಜೊತೆಗೆ ಎಷ್ಟೋ ಬೋರ್ಡ್‌ಗಳ ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಪ್ರತಿ ಪೋರ್ಟಿಗೂ ಬೇರೆ ಬೇರೆ ಹಾಟ್‌ಪ್ಲಗ್ ಆಯ್ಕೆ ಇರುತ್ತದೆ. ಅದು ಆಫ್ ಆಗಿದ್ದರೆ ಹೊಸ ಡಿಸ್ಕ್ ತಿರುಗುವ ಸದ್ದು ಕೇಳಿಸುತ್ತದೆ, ಸಿಸ್ಟಂಗೆ ಮಾತ್ರ ಕಾಣಿಸುವುದಿಲ್ಲ. ಬೇ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಇದನ್ನೊಮ್ಮೆ ನೋಡಿ.

ಹಾಕುವುದು ಸುಲಭ, ತೆಗೆಯುವುದಕ್ಕೆ ತಾಳ್ಮೆ ಬೇಕು. ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. (ವಿಂಡೋಸ್ 10ರಲ್ಲಿ 2018ರ 1809 ಆವೃತ್ತಿಯಿಂದ ಹೊರಗಿನ ಡ್ರೈವ್‌ಗಳನ್ನು ಬೇಗ ತೆಗೆಯಬಹುದಾದ ಸೆಟ್ಟಿಂಗ್ ತಾನಾಗಿಯೇ ಇರುತ್ತದೆ. ಆದರೂ ಕಾಪಿ ಆಗುತ್ತಿರುವಾಗ ಕಿತ್ತರೆ ಫೈಲ್ ಹಾಳೇ.) ಮೊದಲು ಡಿಸ್ಕನ್ನು ಅನ್‌ಮೌಂಟ್ ಮಾಡಬೇಕು, ಅಂದರೆ ಸಿಸ್ಟಂ ಅದರ ಫೈಲ್‌ಗಳನ್ನು ಬಳಸುವುದನ್ನು ನಿಲ್ಲಿಸಬೇಕು. ಬಿಜಿ ಎಂದು ಹಟ ಹಿಡಿದರೆ ಯಾವುದೋ ಪ್ರೋಗ್ರಾಂ ಅದರ ಫೈಲ್ ತೆರೆದುಕೊಂಡು ಕೂತಿದೆ ಎಂದರ್ಥ. ಹೆಚ್ಚಿನ ಸಲ ಅದು ಇನ್ನೊಂದು ಕಿಟಕಿಯಲ್ಲಿ ಮರೆತುಬಿಟ್ಟ ಟರ್ಮಿನಲ್. ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಆ ಡಿಸ್ಕನ್ನು ಬಿಟ್ಟುಬಿಡು ಎಂದು ಹೇಳಬೇಕು. ಆಗ ಡಿಸ್ಕ್ ತನ್ನ ಓದಿ ಬರೆಯುವ ಹೆಡ್‌ಗಳನ್ನು ಬದಿಗೆ ನಿಲ್ಲಿಸಿ ತಿರುಗುವುದನ್ನು ನಿಲ್ಲಿಸುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಟ್ರೇ ಎಳೆಯಿರಿ. ಹೀಗೆ ಮಾಡದೆ ಕಿತ್ತರೆ ಹೆಡ್‌ಗಳು ಗಾಬರಿಯಲ್ಲಿ ಹಿಂದೆ ಓಡಬೇಕಾಗುತ್ತದೆ. ಹಲವು ಡಿಸ್ಕ್‌ಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಇಡುವ ಸ್ಮಾರ್ಟ್ ವರದಿಯಲ್ಲಿ 192ನೇ ಸಾಲು ಲೆಕ್ಕ ಇಡುವುದು ಇದನ್ನೇ. ಪ್ರತಿ ಸಲ ಟೈಪ್ ಮಾಡುವ ಗೋಜು ಬೇಡ ಎಂದು ಇದನ್ನೆಲ್ಲ ಒಂದು ಚಿಕ್ಕ ಸ್ಕ್ರಿಪ್ಟ್‌ಗೆ ಸೇರಿಸಿಟ್ಟಿದ್ದೇನೆ.

ವಾಪಸ್ ಹಾಕಿದ ಡಿಸ್ಕಿಗೆ ಹಳೆಯ ಹೆಸರೇ ಸಿಗುತ್ತದೆ ಎಂಬ ಭರವಸೆ ಬೇಡ. ನಿನ್ನೆ ಎಸ್‌ಡಿಬಿ ಆಗಿದ್ದದ್ದು ಇವತ್ತು ಎಸ್‌ಡಿಇ ಆಗಿರಬಹುದು. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಹೀಗೆ ಬದಲಾಗದ ಗುರುತು ಸಂಖ್ಯೆಯಾದ ಯುಯುಐಡಿ ಬಳಸಿ.

ಬೇ ಬಗ್ಗೆ ನನ್ನ ದೊಡ್ಡ ದೂರು ಎಂದರೆ ಯಾವ ಟ್ರೇಯಲ್ಲಿ ಯಾವ ಡಿಸ್ಕ್ ಇದೆ ಎಂದು ತೋರಿಸುವ ದೀಪ ಇಲ್ಲ. ಇರುವ ದೀಪಗಳು ಸುಮ್ಮನೆ ಮಿನುಗುತ್ತವೆ, ಅಷ್ಟೇ. ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ, ಒಂದು ಕೆಟ್ಟರೆ ಮಾತ್ರ ತಡೆದುಕೊಳ್ಳುವ ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟಾಗ ನೀವು ಚೆನ್ನಾಗಿರುವುದನ್ನು ಎಳೆದರೆ ಇಡೀ ಅರೇ (ಡಿಸ್ಕ್‌ಗಳ ಗುಂಪು) ನಿಂತುಹೋಗುತ್ತದೆ. ಅದಕ್ಕೇ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಟ್ರೇ ಮುಂದೆ ಅಂಟಿಸಿದ್ದೇನೆ. ಈ ಕೆಲಸ ಕೊಂಡ ದಿನವೇ ಮಾಡಿ, ಡಿಸ್ಕ್ ಕೆಟ್ಟ ದಿನ ಅಲ್ಲ.

ಇನ್ನೊಂದು ತೊಂದರೆ ನಿಧಾನಕ್ಕೆ ಗೊತ್ತಾಯಿತು. ಮೂರನೇ ಟ್ರೇಯಲ್ಲಿ ಯಾವ ಡಿಸ್ಕ್ ಹಾಕಿದರೂ ಸ್ಮಾರ್ಟ್ ವರದಿಯ 199ನೇ ಸಾಲು, ಅಂದರೆ ಡೇಟಾ ಸಾಗುವಾಗ ಆದ ಸಿಆರ್‌ಸಿ ತಪ್ಪುಗಳು, ಏರುತ್ತಿತ್ತು. ಅದೇ ಡಿಸ್ಕ್ ಪಕ್ಕದ ಟ್ರೇಯಲ್ಲಿ ತೆಪ್ಪಗಿತ್ತು. ಜೊತೆಗೆ ಬಂದಿದ್ದ ಸಾಟಾ ಕೇಬಲ್ ಬದಲಿಸಿದ ಮೇಲೆ ಸರಿಹೋಯಿತು. ಬೇ ಒಳ್ಳೆಯದು ಕೊಟ್ಟು ಕೇಬಲ್‌ನಲ್ಲಿ ಉಳಿತಾಯ ಮಾಡುವುದು ಯಾವ ನ್ಯಾಯ?

ಮೆಚ್ಚಿದ ಸಂಗತಿಯೂ ಒಂದಿದೆ. ಕೆಲವು ಹೊಸ ಡಿಸ್ಕ್‌ಗಳು ಮೂರನೇ ಪವರ್ ಪಿನ್‌ನಲ್ಲಿ 3.3 ವೋಲ್ಟ್ ಬಂದರೆ ಆನ್ ಆಗುವುದೇ ಇಲ್ಲ. ಈ ಬೇ ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ ಪವರ್ ಕನೆಕ್ಟರ್‌ನಿಂದ ಪವರ್ ತೆಗೆದುಕೊಳ್ಳುತ್ತದೆ. ಅದರಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತದೆ, ಹಾಗಾಗಿ ಆ ಕಿರಿಕಿರಿ ಇಲ್ಲ. ಫ್ಯಾನ್ ಮಾತ್ರ ಜಾಸ್ತಿ ಸದ್ದು. ಬದಲಿಸಿದೆ.

ಬ್ಯಾಕಪ್ ಡಿಸ್ಕ್‌ಗಳನ್ನು ಆಗಾಗ ಬದಲಿಸುವವರು ಧಾರಾಳವಾಗಿ ಕೊಳ್ಳಬಹುದು. ಡಿಸ್ಕ್ ಹಾಕಿ ಮರೆತುಬಿಡುವವರಿಗೆ ಸ್ಕ್ರೂ ಹಾಕುವ ಮಾಮೂಲಿ ಜಾಗವೇ ಸಾಕು. ಅಂದ ಹಾಗೆ, ಟ್ರೇಗಳಿಗೆ ಬೀಗ ಇಲ್ಲ, ಲಿವರ್ ಒತ್ತಿದರೆ ಹೊರಗೆ ಬಂದುಬಿಡುತ್ತವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸರ್ವರನ್ನು ಎತ್ತರದಲ್ಲಿಡಿ.